ತಗಡಿನ ಸೋಂಗು

ಮುರಗೆಪ್ಪ ಹೆಣದ ಮೊಣಕಾಲಿಗೆ ಮೂರನೆಯ ತಂಬಿಗೆ ಬಿಸಿನೀರು ಸುರಿದು, ಎರಡೂ ಕೈಯಿಂದ ಮಡಚಲು ನೋಡಿದ. ಕಾಲು ಬಾಗಲಿಲ್ಲ.

"ಜೋರಲೇ ಮಡಚಬೇಕಾಕ್ಕೈತಿ," ಎಂದ. ಕುಲದ ಹಿರಿಯ ಅವನು. "ಲಟಕ್ ಅಂದರ ಅನ್ನಲಿ. ಅಂವಗೇನ ಈಗ ನೋಯತೈತೇನು?"

"ಮುರೀತೀರೇನ್ರಿ?" ಗೋಡೆಗೆ ಒರಗಿದ್ದ ಹೊಳೆವ್ವ ತಲೆ ಎತ್ತಿದಳು. ಸತ್ತವನು ಅವಳ ಗಂಡ ಧರೆಪ್ಪ.

"ನಮ್ಮವರನ್ನ ಕೂಡ್ರಿಸೇ ಮಣ್ಣ ಮಾಡೂದವ್ವಾ. ಕುಣಿನೂ ಹಂಗ ತಗದಾರ."

ಉಗಾರದಿಂದ ಬಂದಿದ್ದ ಸಣ್ಣಾಟದ ಮೇಳದ ಯಜಮಾನ ಜಕ್ಕಪ್ಪ ಹೆಣದ ಹತ್ತಿರ ಬಗ್ಗಿದ. "ಧರೆಪ್ಪಾ, ಸತ್ತರೂ ಸೋಂಗ ಬಿಡವಲ್ಲೆಲ್ಲೋ!"

ಇಬ್ಬರು ಟವೆಲ್ಲಿನ ಮರೆಯಲ್ಲಿ ನಕ್ಕರು.

*

ಧರೆಪ್ಪನ ಊರು ಜುಗೂಳಕ್ಕೆ ಮೊದಲ ಟೀವಿ ಬಂದ ವರ್ಷ ಸಣ್ಣಾಟದ ಮುಂದೆ ಕೂರುವವರೇ ಇಲ್ಲವಾದರು. ಮೇಳದಲ್ಲಿ ನಗಿಸುವ ಸೋಂಗು, ಅಂದರೆ ಹಾಸ್ಯದ ವೇಷ, ಧರೆಪ್ಪನದು. ಹಳೆಯ ಮಾತಿಗೆ ಯಾರೂ ನಗದಿದ್ದಾಗ ಅವನೇ ಹೊಸದೊಂದನ್ನು ಕಲ್ಪಿಸಿದ: ಎರಡು ಸಾವಿರದ ಇಸವಿಯಿಂದ ಇಳಿದು ಬಂದ ಮನುಷ್ಯ! ಎಣ್ಣೆ ಡ್ರಮ್ಮಿನ ತಗಡಿನ ಮೈ, ತಗಡಿನ ಕಾಲು, ಎದೆಗೆ ಸೈಕಲ್ ದೀಪ, ತಲೆಗೆ ರೇಡಿಯೋ ಕಡ್ಡಿ. ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದು, ಮೊಣಕಾಲಿಗೆ ಬಾಗಿಲ ಕೀಲುಗಳನ್ನೂ ತೋರಿಸಿದ್ದ.

ಜಕ್ಕಪ್ಪ ಆ ಕೀಲುಗಳನ್ನು ಅಂಗೈಯಿಂದ ಒರೆಸಿಬಿಟ್ಟ. "ನೀ ಬೀಳಬೇಕಲೇ. ಬಿದ್ದರ ಮಂದಿ ನಗತಾರ."

ಆಟದಲ್ಲಿ ನಾಯಕಿ ಕೇಳುತ್ತಿದ್ದಳು: "ದೂರದಿಂದ ಬಂದೀಯಪಾ, ಕೂಡ್ರು."

"ನಮ್ಮ ಕಾಲದಾಗ ಕೂಡ್ರೂದ ಬಂದ್ ಆಗೇತಿ ಬೇ!" ಎನ್ನುತ್ತ ಧರೆಪ್ಪ ದಡಾರನೆ ಬೀಳುತ್ತಿದ್ದ. ನಾಲ್ಕು ಜನ ಎತ್ತಿ ನಿಲ್ಲಿಸಬೇಕಿತ್ತು. ಕಬ್ಬು ಕಡಿಯುವವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬೆಳಗ್ಗೆ ತಗಡು ಬಿಚ್ಚುವವಳು ಹೊಳೆವ್ವ. ತಗಡು ಕೊಯ್ದ ಮೊಣಕಾಲಿಗೆ ಅರಿಶಿಣ ಒತ್ತುವಾಗಲೂ ಅವನದು ಒಂದೇ ಮಾತು: "ಎಷ್ಟ ನಕ್ಕರು ಗೊತ್ತೈತೇನ?"

ಹನ್ನೆರಡು ವರ್ಷಕ್ಕೆ ಮೊಣಕಾಲು ಹಾಗೇ ಸೆಟೆದುಕೊಂಡವು. ಮದುವೆ ಮನೆಯಲ್ಲಿ ಎಲ್ಲರೂ ಪಂಕ್ತಿಗೆ ಕೂತರೆ ಧರೆಪ್ಪ ಕಂಬಕ್ಕೆ ಆತು ನಿಂತು ಉಣ್ಣುತ್ತಿದ್ದ. ಆ ವರ್ಷವೇ ಜಕ್ಕಪ್ಪ ತಗಡನ್ನು ಬೇರೊಬ್ಬನಿಗೆ ತೊಡಿಸಿದ. ಇನ್ನೆರಡು ವರ್ಷಕ್ಕೆ ಮಾಯದ ಗಾಯದ ಕೀವು ಮೈಗೆಲ್ಲ ಏರಿ, ಧರೆಪ್ಪ ತೊಂಬತ್ತೆಂಟರ ಚಳಿಗಾಲ ದಾಟಲಿಲ್ಲ.

*

ಕಬ್ಬಿನ ಹೊಲದ ಬದುವಿಗೆ ಚೌಕಾಕಾರದ ಗುಂಡಿ. ಹೆಣವನ್ನು ಅಂಚಿಗೆ ಇಳಿಸಿದರು.

"ಜಕ್ಕಪ್ಪಾ, ನೀ ತೊಡಿ ಹಿಡಿ. ನಾ ಮಡಚತೀನಿ," ಎಂದ ಮುರಗೆಪ್ಪ.

"ಮುಟ್ಟಬ್ಯಾಡ್ರಿ!" ಹೆಂಗಸರ ನಡುವಿನಿಂದ ಹೊಳೆವ್ವ ನುಗ್ಗಿ ಬಂದಳು. "ಇಷ್ಟ ವರ್ಷ ನಿಂದರಿಸಿ ನಕ್ಕೀರಿ. ಈಗ ಮುರದು ಕೂಡ್ರಿಸ್ತೀರೇನು? ಮಲಗಸ್ರಿ."

"ಪದ್ಧತಿ ಬಿಟ್ಟು ಮಲಗಿಸಿದರ ಊರ ಏನಂದೀತು ತಂಗೀ?" ಎಂದ ಮುರಗೆಪ್ಪ.

"ನಗತೈತಿ. ನಗೂದು ಊರಿಗೆ ರೂಢಿ ಐತಿ."

ಮುರಗೆಪ್ಪನ ಕೈ ಇನ್ನೂ ಕಾಲಿನ ಮೇಲೆಯೇ ಇತ್ತು. ಹೊಳೆವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿ, ಎದೆಮಟ್ಟ ಆಳದ ಗುಂಡಿಗೆ ಇಳಿದಳು. ಹಸಿಮಣ್ಣಿನ ಮೇಲೆ ಅಂಗಾತ ಮಲಗಿದಳು. ಗುಂಡಿ ಸಾಲದೆ ಮೊಣಕಾಲು ಎದೆಗೆ ಬಂದವು.

"ಗಿಡ್ಡಕಿ ನಾನು. ನನಗ ಸಾಲವಲ್ದು," ಎಂದಳು ಕೆಳಗಿನಿಂದ. "ಅಂವ ನನಗಿಂತ ಗೇಣ ಎತ್ತರ. ಅಗೀರಿ."

ಮುರಗೆಪ್ಪ ಹೆಣದ ಮೇಲಿನ ಕೈ ತೆಗೆದ. ಕೊನೆಗೆ ಜಕ್ಕಪ್ಪನೇ ಗುದ್ದಲಿ ಹಿಡಿದು ಗುಂಡಿಯಲ್ಲಿ ಅವಳ ಕಾಲಿನ ಕಡೆಯ ತುದಿಗೆ ಇಳಿದ. ಒಂದೊಂದು ಏಟಿಗೂ ಅವಳ ಪಾದದ ಮೇಲೆ ಮಣ್ಣು ಉದುರುತ್ತಿತ್ತು. ಗೋಡೆ ಹಿಂದೆ ಸರಿದಷ್ಟೂ ಹೊಳೆವ್ವ, ಜಕ್ಕಪ್ಪನ ಮುಖದಿಂದ ಕಣ್ಣು ಕೀಳದೆ, ಬೆರಳಷ್ಟು ಬೆರಳಷ್ಟೇ ಕಾಲು ಚಾಚುತ್ತ ಹೋದಳು.