ನಿಮಿಷದಕ್ಕನ ಇಪ್ಪತ್ತನಾಲ್ಕು

ಆ ಐಸಿಯುವಿನಲ್ಲಿ ಅವಳನ್ನು ಎಲ್ಲರೂ ನಿಮಿಷದಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಕೊಂಕಿಗೇ ಇಟ್ಟಿದ್ದರು, ಅವಳು ಮಾತ್ರ ಅದನ್ನು ಬಿರುದಿನಂತೆ ಹೊತ್ತು ತಿರುಗಿದಳು. ರೋಗಿ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆ ಎಂದು ನೋಡಬೇಕಾದರೆ ಉಳಿದ ನರ್ಸುಗಳು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದರು. ಇನ್ನೂ ಅವಸರದವರು ಬಾಗಿಲಲ್ಲೇ ಇಣುಕಿ, ಮನುಷ್ಯ ಬದುಕಿದ್ದಾನೆ ಎಂದು ಖಾತ್ರಿಯಾದರೆ ಇಪ್ಪತ್ತು ಎಂದು ಗೀಚಿ ಮುಂದೆ ಹೋಗುತ್ತಿದ್ದರು. ಅವಳು ಹಾಗಲ್ಲ. ಮಂಚದ ಪಕ್ಕ ನಿಂತು, ಗೋಡೆ ಗಡಿಯಾರದ ಮುಳ್ಳು ಪೂರ್ತಿ ಒಂದು ಸುತ್ತು ಬರುವ ತನಕ ಎಣಿಸುತ್ತಿದ್ದಳು. ಮಧ್ಯೆ ಯಾರಾದರೂ ಮಾತಾಡಿಸಿದರೆ ಕಣ್ಣಲ್ಲೇ ಸುಟ್ಟು, ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು.

ಅದರಲ್ಲೊಂದು ಕರಾಮತ್ತೂ ಇತ್ತು. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಯಾರ ಉಸಿರೂ ನೆಟ್ಟಗಿರುವುದಿಲ್ಲ. ನಿಮ್ಮದೂ ಇರುವುದಿಲ್ಲ, ಬೇಕಾದರೆ ಈಗಲೇ ನೋಡಿಕೊಳ್ಳಿ. ಆದ್ದರಿಂದ ಅವಳು ರೋಗಿಯ ಮಣಿಕಟ್ಟು ಹಿಡಿದು, ನಾಡಿ ನೋಡುವವಳಂತೆ ಮುಖ ಮಾಡಿಕೊಂಡು, ಓರೆಗಣ್ಣಲ್ಲಿ ಎದೆಯ ಏರಿಳಿತ ಎಣಿಸುತ್ತಿದ್ದಳು. ಮೂವತ್ತು ವರ್ಷದಿಂದ ಸಾವಿರಾರು ಜನಕ್ಕೆ ಹೀಗೆ ಚಳ್ಳೆಹಣ್ಣು ತಿನ್ನಿಸಿದ್ದಳು. ಹೊಸದಾಗಿ ಬಂದ ನರ್ಸುಗಳಿಗೂ ಇದೇ ಮೊದಲ ಪಾಠ.

ಐಸಿಯುವಿನ ಡಾಕ್ಟರಮ್ಮ ತಮ್ಮ ಸಂಶೋಧನೆಗೆ ಅವಳನ್ನೇ ಆರಿಸಿಕೊಂಡದ್ದು ಇದಕ್ಕೇ. ಶ್ವಾಸಕೋಶ ಸೋತವರಿಗೆ ಬಾಯೊಳಗಿಂದ ಟ್ಯೂಬು ಇಳಿಸಿ ವೆಂಟಿಲೇಟರಿಗೆ ಹಾಕುವುದು ಒಂದು ದಾರಿ. ಮುಖಕ್ಕೆ ಬಿಗಿಯಾದ ಮಾಸ್ಕು ಕಟ್ಟಿ, ಯಂತ್ರದಿಂದ ಗಾಳಿ ಒತ್ತಿ, ಟ್ಯೂಬಿಲ್ಲದೆ ದಾಟಿಸುವುದು ಇನ್ನೊಂದು. ಮಾಸ್ಕನ್ನು ನಂಬಿ ಎಷ್ಟು ಹೊತ್ತು ಕಾಯಬಹುದು, ಎಲ್ಲಿಗೆ ಬಂದಾಗ ಕಾಯುವುದೇ ಅಪಾಯ ಎಂಬುದು ಡಾಕ್ಟರಮ್ಮನ ಪ್ರಶ್ನೆ. ಗಂಟೆಗೊಮ್ಮೆ ಉಸಿರು ಎಣಿಸಬೇಕು, ಮೂವತ್ತು ದಾಟಿದರೆ ಟ್ಯೂಬು ಹಾಕಬೇಕು. ಯಂತ್ರವೂ ಪರದೆಯ ಮೇಲೆ ಒಂದು ಸಂಖ್ಯೆ ತೋರಿಸುತ್ತದೆ, ನಿಜ. ಆದರೆ ಮಾಸ್ಕಿನ ಅಂಚಿನಿಂದ ಗಾಳಿ ಸೋರಿದರೆ ಅದನ್ನೂ ಉಸಿರೆಂದು ಎಣಿಸಿಬಿಡುವ ಪೆದ್ದು ಅದು. ಹಾಗಾಗಿ ಲೆಕ್ಕಕ್ಕೆ ಬರುವುದು ಮನುಷ್ಯರ ಎಣಿಕೆ ಮಾತ್ರ ಎಂದು ನಿಯಮದಲ್ಲೇ ಬರೆದಿತ್ತು. ಅದನ್ನು ಓದಿದ ದಿನ ಅಕ್ಕನ ಮುಖ ನೋಡಬೇಕಿತ್ತು.

ಸಂಶೋಧನೆಗೆ ಸೇರಿದ ನಲವತ್ತೊಂದನೆಯ ರೋಗಿ ಒಬ್ಬ ಈಜು ಮೇಷ್ಟ್ರು. ಅರವತ್ತೆರಡು ವಯಸ್ಸು, ಅಗಲವಾದ ಭುಜ, ನ್ಯುಮೋನಿಯಾ ಎರಡೂ ಶ್ವಾಸಕೋಶ ಹಿಡಿದಿತ್ತು. ಮುಖದ ಮೇಲೆ ಕೆನ್ನೆಯ ತನಕ ಹರಡಿದ ಪೊದೆ ಮೀಸೆ. ಮಾಸ್ಕು ಸರಿಯಾಗಿ ಕೂರಬೇಕಾದರೆ ಅದನ್ನು ತೆಗೆಯಬೇಕು ಎಂದದ್ದಕ್ಕೆ ಮೇಷ್ಟ್ರು, ಅಷ್ಟು ಏದುಸಿರಿನಲ್ಲೂ, ರೇಜರ್ ಹಿಡಿದ ಕೈಯನ್ನು ಪಕ್ಕಕ್ಕೆ ತಳ್ಳಿಬಿಟ್ಟರು. ಅದು ತನಗಿಂತ ಮುಂಚೆ ಅವರ ಬಾಳಿಗೆ ಬಂದದ್ದು, ಅದರ ಮುಂದೆ ತನ್ನ ಮಾತು ನಡೆಯುವುದಿಲ್ಲ ಎಂದು ಅವರ ಹೆಂಡತಿ ಕೈ ಚೆಲ್ಲಿದರು. ಸರಿ, ಮಾಸ್ಕಿನ ಪಟ್ಟಿಯನ್ನೇ ಇನ್ನಷ್ಟು ಬಿಗಿದು ಕಟ್ಟಿದರು.

ಒಪ್ಪಿಗೆ ಪತ್ರ ಓದಿ ಹೇಳಿದವಳು ಅಕ್ಕ. ಸಂಶೋಧನೆಯಲ್ಲಿ ರೋಗಿಯಿಂದ ಏನನ್ನೂ ಮುಚ್ಚಿಡುವಂತಿಲ್ಲ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟಾದರೆ ಟ್ಯೂಬು ಎಂದು. ಮೂವತ್ತು ದಾಟಿದರೆ ಎಂದು ಅವಳು ಎರಡೆರಡು ಸಲ ಬಿಡಿಸಿ ಹೇಳಿದಳು. ಅವರು ತಲೆಯಾಡಿಸಿ ಸಹಿ ಹಾಕಿದರು. ಅವರ ಅಣ್ಣ ಏಳು ವರ್ಷದ ಹಿಂದೆ ಟ್ಯೂಬು ಹಾಕಿಸಿಕೊಂಡು ಮಲಗಿದವರು ಮತ್ತೆ ಏಳಲಿಲ್ಲ ಎಂಬುದನ್ನು ಹೆಂಡತಿ ಆಮೇಲೆ ಹೇಳಿದರು.

ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಮಣಿಕಟ್ಟು ಹಿಡಿದಾಗ ಇಪ್ಪತ್ತಾರು. ಹತ್ತಕ್ಕೆ ಇಪ್ಪತ್ತೈದು. ಹನ್ನೊಂದಕ್ಕೆ ಇಪ್ಪತ್ತನಾಲ್ಕು. ಯಂತ್ರ ಮಾತ್ರ ಮೂವತ್ತೇಳು, ಮೂವತ್ತೆಂಟು ಎಂದು ಮಿನುಗುತ್ತಲೇ ಇತ್ತು. ಹೆಂಡತಿ ಗಾಬರಿಯಿಂದ ಪರದೆಯತ್ತ ಬೆರಳು ತೋರಿಸಿದಾಗ ಅಕ್ಕ ನಕ್ಕುಬಿಟ್ಟಳು.

“ಅದರ ಮಾತು ಕಟ್ಕೋಬೇಡಿ. ಗಾಳಿ ಸೋರೋದಕ್ಕೂ ಉಸಿರಾಡೋದಕ್ಕೂ ವ್ಯತ್ಯಾಸ ಗೊತ್ತಿಲ್ಲ ಅದಕ್ಕೆ.”

ಮೇಷ್ಟ್ರ ಹಣೆಯ ಮೇಲೆ ಬೆವರಿತ್ತು. ಜ್ವರ ಬಿಡುತ್ತಿರಬೇಕು ಎಂದುಕೊಂಡಳು. ಹಾಳೆಯಲ್ಲಿ ಇಪ್ಪತ್ತನಾಲ್ಕು ಎಂದು ಬರೆದು, ಸಹಿ ಹಾಕಿ, ಅದನ್ನು ಫೈಲಿಗೆ ಸೇರಿಸಲು ಕಿಟಕಿಯ ಕಡೆ ತಿರುಗಿದಳು. ಆ ಕಿಟಕಿಯ ಆಚೆ ಮಬ್ಬು ಕಾರಿಡಾರು, ಹಾಗಾಗಿ ಗಾಜಿನಲ್ಲಿ ಮಂಚ ಪೂರ್ತಿ ಕಾಣುತ್ತಿತ್ತು. ಮೇಷ್ಟ್ರ ಕಣ್ಣು ಅವಳ ಬೆನ್ನ ಮೇಲಿತ್ತು. ಅವಳು ಪೂರ್ತಿ ತಿರುಗಿದಳೆಂದು ಖಾತ್ರಿಯಾದ ಕೂಡಲೇ ಅವರ ಹೊಟ್ಟೆ ದಡದಡ ಏರಿಳಿಯತೊಡಗಿತು. ಕತ್ತಿನ ಬುಡದ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಜಗ್ಗುತ್ತಿತ್ತು. ಅಕ್ಕ ಕದಲದೆ ನಿಂತು ಪೂರ್ತಿ ಒಂದು ನಿಮಿಷ ಎಣಿಸಿದಳು. ಮೂವತ್ತೆಂಟು. ಪೆದ್ದು ಯಂತ್ರ ಬೆಳಗಿನಿಂದ ಬಡಕೊಳ್ಳುತ್ತಿದ್ದದ್ದೂ ಅದನ್ನೇ.

ಹೀಗೇ ಇನ್ನೆರಡು ಗಂಟೆ ಹೋದರೆ ಈ ಮನುಷ್ಯ ದಣಿದು ಒಮ್ಮೆಲೇ ಕುಸಿಯುತ್ತಾನೆ, ಆಗ ಹಾಕುವ ಟ್ಯೂಬು ನಿಜಕ್ಕೂ ಅಣ್ಣನ ಟ್ಯೂಬೇ ಆಗುತ್ತದೆ. ನಿಜ ಬರೆದರೋ, ಈಗಲೇ ಟ್ಯೂಬು. ಅವಳು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತಳು.

“ಮೇಷ್ಟ್ರೆ, ನಾನು ಕೈ ಹಿಡಿದಾಗೆಲ್ಲ ನೀವು ಉಸಿರು ತಡೀತಿದೀರಿ.”

ಮೇಷ್ಟ್ರು ಸೂರು ನೋಡಿದರು. ಮಾಸ್ಕಿನೊಳಗಿಂದ ತುಂಡುತುಂಡಾಗಿ ಮಾತು ಬಂತು. “ನಾಡಿ ನೋಡೋರು... ಎದೆ ಯಾಕೆ ನೋಡ್ತಾರೆ... ಮೊದಲ ಸಲಕ್ಕೇ ಗೊತ್ತಾಯ್ತು. ನೀರಲ್ಲಿ... ಎರಡು ನಿಮಿಷ ಇರ್ತಿದ್ದೆ. ಇದೇನು ಮಹಾ.”

ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಅವರ ಮೇಲೋ ತನ್ನ ಮೇಲೋ ಎಂದು ಅವಳಿಗೇ ತಿಳಿಯಲಿಲ್ಲ. ಮೂವತ್ತು ವರ್ಷದ ಜಾಣತನವನ್ನು ಈ ಮನುಷ್ಯ ಮಲಗಿದಲ್ಲೇ ಹರಾಜಿಗೆ ಹಾಕಿದ್ದ. ಆದರೆ ಬೈಯಲು ಹೊತ್ತಿರಲಿಲ್ಲ. ಈಜು ಕಲಿಯಲು ಬರುವ ಮಕ್ಕಳಿಗೆ ಮೊದಲ ದಿನ ಏನು ಹೇಳಿಕೊಡುತ್ತೀರಿ ಎಂದು ಕೇಳಿದಳು. ಉತ್ತರ ಬಂದದ್ದು ಹೆಂಡತಿಯಿಂದ.

“ಸುಸ್ತಾದ್ರೆ ಕೈ ಎತ್ತು, ನಾಚ್ಕೋಬೇಡ, ನಾನು ಬರ್ತೀನಿ ಅಂತ. ಮೊಮ್ಮಕ್ಕಳಿಗೂ ಅದೇ ಹೇಳ್ತಾರೆ.”

“ಕೇಳಿಸ್ತಾ? ಕೈ ಎತ್ತದೆ ಮುಳುಗೋ ಮಗೂನ ನೀವಾದ್ರೂ ಹೇಗೆ ಕಾಪಾಡ್ತೀರಿ, ಮೇಷ್ಟ್ರೆ?”

ಟ್ಯೂಬು ಬೇಕಾಗಬಹುದು, ಬೇಡವಾಗಲೂಬಹುದು, ಸುಳ್ಳು ಭರವಸೆ ಕೊಡುವುದಿಲ್ಲ ಎಂದೂ ಹೇಳಿದಳು. ಆದರೆ ನಿಜವಾದ ಸಂಖ್ಯೆ ಕೈಯಲ್ಲಿಲ್ಲದೆ ಯಾವ ಡಾಕ್ಟರೂ ಯಾರನ್ನೂ ದಡ ಸೇರಿಸಲಾರರು ಎಂದಳು. ಮೇಷ್ಟ್ರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ, ಸೂಜಿ ಚುಚ್ಚಿ ಟೇಪು ಸುತ್ತಿದ್ದ ಅವರ ಬಲಗೈ ಹಾಸಿಗೆಯಿಂದ ಒಂದು ಗೇಣು ಮೇಲೆದ್ದಿತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಸಂಶೋಧನೆಯ ಹಾಳೆಯಲ್ಲಿ ಏನನ್ನೂ ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ತಪ್ಪು ಕೆಳಗೆ ಕಾಣುತ್ತಲೇ ಇರಬೇಕು, ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ. ಅಕ್ಕ ಬೇರೆಯವರ ಹಾಳೆಗಳಲ್ಲಿ ಇಂಥ ಗೆರೆಗಳನ್ನು ಕಂಡು ಮೂಗು ಮುರಿದವಳು. ಈಗ ತನ್ನ ಇಪ್ಪತ್ತನಾಲ್ಕರ ಮೇಲೆ ಗೆರೆ ಎಳೆದು ಮೂವತ್ತೆಂಟು ಎಂದು ಬರೆದಳು. ಹಿಂದಿನ ಎರಡನ್ನೂ ನಂಬಲಾಗದು ಎಂದು ಗುರುತಿಸಿದಳು. ಕಾರಣದ ಜಾಗದಲ್ಲಿ ‘ಎಣಿಸುವುದು ರೋಗಿಗೆ ತಿಳಿದಿತ್ತು, ಎಣಿಸಿದವಳಿಗೆ ಅದು ತಿಳಿದಿರಲಿಲ್ಲ’ ಎಂದು ಬರೆದಳು. ಅವಸರದಲ್ಲಿ ಗೆರೆ ಸೊಟ್ಟಗಾಯಿತು.

ಡಾಕ್ಟರಮ್ಮ ಓಡಿಬಂದರು, ಟ್ಯೂಬಿನ ಟ್ರಾಲಿಯೂ ಬಂತು. ಆಗ ಅಕ್ಕ ಬೆಳಿಗ್ಗೆಯೇ ಮಾಡಬೇಕಿದ್ದ ಕೆಲಸ ಮಾಡಿದಳು. ಮಾಸ್ಕಿನ ಸುತ್ತ ಅಂಗೈ ಆಡಿಸಿದಳು. ಮೀಸೆಯ ಎರಡೂ ತುದಿಗಳಲ್ಲಿ ಗಾಳಿ ಭುಸಭುಸ ಹೊರಗೆ ನುಗ್ಗುತ್ತಿತ್ತು. ಶ್ವಾಸಕೋಶಕ್ಕೆ ಹೋಗಬೇಕಾದದ್ದರಲ್ಲಿ ಅರ್ಧಕ್ಕರ್ಧ ಕೋಣೆಗೇ ಹೋಗುತ್ತಿತ್ತು. ಸೋರುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಆದರೆ ಇಪ್ಪತ್ತನಾಲ್ಕು ಎಂಬ ಅಂದದ ಸಂಖ್ಯೆ ಇರುವಾಗ ಮೀಸೆಯ ತಂಟೆಗೆ ಯಾರು ಹೋಗುತ್ತಾರೆ? ಮಾಸ್ಕು ಸರಿಯಾಗಿ ಕೂತರೆ ಟ್ಯೂಬು ತಪ್ಪಬಹುದೇ ಎಂದು ಅಕ್ಕ ಕೇಳಿದಳು. ಡಾಕ್ಟರಮ್ಮ ಮೇಷ್ಟ್ರನ್ನೂ ಗಡಿಯಾರವನ್ನೂ ನೋಡಿ, ಒಂದು ಗಂಟೆ ಮಾತ್ರ, ನಾನು ಇಲ್ಲೇ ನಿಂತಿರುತ್ತೇನೆ, ಟ್ರಾಲಿಯೂ ಇಲ್ಲೇ ಇರುತ್ತದೆ ಎಂದರು.

ಈ ಸಲ ಮೇಷ್ಟ್ರು ತಾವೇ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ತೋರಿಸಿದರು. ಮೂಗಿಗೆ ಆಕ್ಸಿಜನ್ ಹಿಡಿದು ಮೂರೇ ನಿಮಿಷದಲ್ಲಿ ಅಕ್ಕ ಕೆಲಸ ಮುಗಿಸಿದಳು. ಹೆಂಡತಿ ಬಗ್ಗಿ ಗಂಡನ ಮೇಲ್ದುಟಿಯನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದರು. ಪರವಾಗಿಲ್ಲ, ಇಷ್ಟು ದಿನ ಸುಮ್ಮನೆ ಬಚ್ಚಿಟ್ಟಿದ್ದರು ಎಂದರು, ಕಣ್ಣೊರೆಸಿಕೊಳ್ಳುತ್ತಲೇ. ಮಾಸ್ಕು ಮತ್ತೆ ಕೂತಿತು. ಭುಸಭುಸ ನಿಂತಿತು.

ಒಂದು ಗಂಟೆಯ ಮೇಲೆ ಅಕ್ಕ ಕುರ್ಚಿಯಲ್ಲಿ ಕೂತು, ಎರಡೂ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. “ಎಣಿಸ್ತೀನಿ, ಮೇಷ್ಟ್ರೆ. ಹೇಗೆ ಬರುತ್ತೋ ಹಾಗೆ ಬಿಡಿ.” ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಡಾಕ್ಟರಮ್ಮ ಬೆನ್ನು ತಿರುಗಿಸಿ ನಿಂತು ಕಿಟಕಿಯ ಗಾಜಿನಲ್ಲಿ ಎಣಿಸಿದರು. ಇಬ್ಬರೂ ಚೀಟಿಯಲ್ಲಿ ಬರೆದು ಒಟ್ಟಿಗೆ ಬಿಚ್ಚಿದರು. ಇಪ್ಪತ್ತೆಂಟು, ಇಪ್ಪತ್ತೆಂಟು. ಪರದೆಯ ಮೇಲೂ ಇಪ್ಪತ್ತೆಂಟು. ಅಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಂಜೆಗೆ ಇಪ್ಪತ್ತಾರು, ಮರುದಿನ ಇಪ್ಪತ್ತೆರಡು. ಟ್ರಾಲಿ ಮುಚ್ಚಿದ್ದು ಮುಚ್ಚಿದ ಹಾಗೇ ವಾಪಸಾಯಿತು.

ಆ ವಾರ ನಿಯಮ ಬದಲಾಯಿತು. ಇನ್ನು ಮುಂದೆ ಇಬ್ಬರು ಎಣಿಸಬೇಕು, ಒಬ್ಬರು ರೋಗಿಯ ಕಣ್ಣಿಗೆ ಬೀಳದ ಕಡೆ ನಿಂತಿರಬೇಕು. ಹಿಂದಿನ ನಲವತ್ತು ಜನರ ಎಣಿಕೆಯಲ್ಲೂ ಈ ದೋಷ ಇದ್ದಿರಬಹುದೆಂದು ವರದಿಯಲ್ಲಿ ಒಪ್ಪಿಕೊಳ್ಳಬೇಕು. ಡಾಕ್ಟರಮ್ಮ ಬೈಯಲಿಲ್ಲ, ಇಷ್ಟು ದಿನದಲ್ಲಿ ಸಿಕ್ಕ ಅತ್ಯಂತ ಉಪಯುಕ್ತ ಸಂಗತಿ ಇದೇ ಎಂದರು. ಅಕ್ಕ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಹೊಸ ನರ್ಸುಗಳನ್ನು ಕರೆದು ನಿಲ್ಲಿಸಿ, ಗಾಜಿನಲ್ಲಿ ಎಣಿಸುವ ವಿದ್ಯೆಯನ್ನು ತಾನೇ ಕಂಡುಹಿಡಿದವಳಂತೆ ಪಾಠ ಮಾಡಿದಳು.

ಒಂಬತ್ತನೆಯ ದಿನ ಮೇಷ್ಟ್ರು ಮನೆಗೆ ಹೊರಟರು. ತುಟಿಯ ಮೇಲೆ ಬಿಳಿ ಕೂದಲು ಚಿಗುರುತ್ತಿತ್ತು. ಗಾಲಿಕುರ್ಚಿಯಲ್ಲಿ ಕೂತವರು, ಆ ಹಾಳೆ ತೋರಿಸಿ ಎಂದರು. ಅಕ್ಕ ತೋರಿಸಿದಳು. ಸೊಟ್ಟ ಗೆರೆಯ ಕೆಳಗೆ ಇಪ್ಪತ್ತನಾಲ್ಕು ಚೆನ್ನಾಗಿಯೇ ಕಾಣುತ್ತಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿ, ಅವಳ ಮಣಿಕಟ್ಟು ಹಿಡಿದುಕೊಂಡು, ಗೋಡೆ ಗಡಿಯಾರದ ಕಡೆ ಮುಖ ಮಾಡಿದರು. ಅವಳು ನಗುತ್ತಾ ನಿಂತಳು, ಆಮೇಲೆ ತುಟಿ ಕಚ್ಚಿ ತಾನೂ ಮುಳ್ಳನ್ನೇ ನೋಡತೊಡಗಿದಳು. ಮುಳ್ಳು ಪೂರ್ತಿ ಒಂದು ಸುತ್ತು ಬಂತು.

“ಏಳೇ ಉಸಿರು,” ಎಂದರು ಮೇಷ್ಟ್ರು. “ಇದು ಸುಳ್ಳು ಲೆಕ್ಕ ಕಣಮ್ಮ. ಬಿಗಿ ಹಿಡ್ಕೊಂಡಿದೀಯ. ಬಿಟ್ಬಿಡು.”

ಅಕ್ಕ ಉಸಿರು ಬಿಟ್ಟಳು. ಅದರ ಜೊತೆಗೆ ಅಳುವೂ ಬಂತು.