ಮರ್ಯಾದೆಯ ಕಂತು

ಅಂಟಿನ ಬಟ್ಟಲು ಒಲೆಯ ಮೇಲಿತ್ತು. ಅಪ್ಪ ಶಾಲೆಯ ಹಾಜರಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಮಗಳಿಗೆ ಬೀದಿಯವರಿಟ್ಟ ಹೆಸರು ಗಿಳಿ. ಬೆಳಿಗ್ಗೆ ಕೇಳಿದ ದನಿ ಸಂಜೆಗೆ ಅವಳ ಬಾಯಲ್ಲಿರುತ್ತಿತ್ತು.

"ಅಣ್ಣಾ, ದುಡ್ಡಿಗಲ್ಲ, ನಿಮ್ಮನ್ನ ನೋಡ್ಕೊಂಡು ಹೋಗೋಣಾಂತ ಬಂದೆ," ಎಂದು ಸಾಹುಕಾರರ ಗುಮಾಸ್ತನಂತೆ ಮೂಗಿನಲ್ಲೇ ರಾಗ ಎಳೆದಳು.

ಅಮ್ಮ ನಗಲಿಲ್ಲ. "ಸುಮ್ನಿರೇ. ಅವನು ಬರೋ ಹೊತ್ತಾಯ್ತು."

ರಟ್ಟು ಕತ್ತರಿಸುವ ಯಂತ್ರಕ್ಕೆ ಒಂಬತ್ತು ವರ್ಷದ ಹಿಂದೆ ಸಾಹುಕಾರರಲ್ಲಿ ಮಾಡಿದ ಸಾಲ. ಅಸಲಿನಷ್ಟು ಹಣ ಮೊದಲೇ ಕಟ್ಟಿಯಾಗಿತ್ತು. ಉಳಿದದ್ದು ಬಡ್ಡಿ, ಬಡ್ಡಿಯ ಬಡ್ಡಿ. ಮೂರು ವರ್ಷಕ್ಕೊಮ್ಮೆ ಗುಮಾಸ್ತ ಬಂದಾಗ ಚಿಲ್ಲರೆ ಕೊಟ್ಟು ರುಜು ಹಾಕುವುದು ಆ ಬೀದಿಯ ರೂಢಿ. ಅದಕ್ಕೆ ಮರ್ಯಾದೆಯ ಕಂತು ಎನ್ನುತ್ತಿದ್ದರು. ಎದುರುಮನೆಯ ದರ್ಜಿ ಹಾಗೆ ಕೊಡುತ್ತಾ ಕೊಡುತ್ತಾ ಮನೆಯನ್ನೇ ಕೊಟ್ಟಿದ್ದ. ಆ ಬಾಗಿಲಲ್ಲೀಗ ಸಾಹುಕಾರರ ಬೀಗ.

"ಅಪ್ಪಾ, ಕೊನೇ ಸಲ ಕಂತು ಕೊಟ್ಟು ರುಜು ಹಾಕಿ ಇವತ್ತಿಗೆ ಮೂರು ವರ್ಷ. ಕೋರ್ಟೂ ಮುಚ್ಚಾಯ್ತು. ಮೂರು ವರ್ಷ ದಾಟಿದ ಸಾಲಕ್ಕೆ ನಾಳೆಯಿಂದ ಅವರ ದಾವೆ ಕೋರ್ಟಲ್ಲಿ ನಿಲ್ಲಲ್ಲ. ಇವತ್ತು ಹತ್ತು ಕಾಸು ಕೊಟ್ಟು ರುಜು ಹಾಕಿದ್ರೂ ಮತ್ತೆ ಮೂರು ವರ್ಷ ಅವರ ಕೈಗೆ ಸಿಕ್ಕಿದ ಹಾಗೆ."

"ಸಾಲ ಮುಳುಗಿಸೋ ವಂಶ ಅಲ್ಲ ನಮ್ದು."

"ಮುಳುಗ್ತಿರೋದು ವಂಶಾನೇ ಅಪ್ಪಾ."

ಚಪ್ಪಲಿ ಸದ್ದಾಯಿತು. ಗುಮಾಸ್ತ ಒಳಬಂದ, ಅವನ ಜೊತೆಗೆ ಬಂದ ಇಬ್ಬರು ಆಳುಗಳು ಹೊಸ್ತಿಲಾಚೆ ಬೆಳಕಿಗೆ ಅಡ್ಡ ನಿಂತರು.

"ಅಣ್ಣಾ, ದುಡ್ಡಿಗಲ್ಲ, ನಿಮ್ಮನ್ನ ನೋಡ್ಕೊಂಡು ಹೋಗೋಣಾಂತ ಬಂದೆ."

ಗಿಳಿ ಅಮ್ಮನ ಪಕ್ಕಕ್ಕೆ ಸರಿದಳು. ಅದೇ ಮಾತು ಅವನ ಬಾಯಲ್ಲಿ ಬೇರೆಯೇ ಆಗಿತ್ತು.

ಅವನು ರಸೀದಿ ಬಿಡಿಸಿ, ಪೆನ್ನು ಇಟ್ಟ. "ಎಷ್ಟಾದ್ರೂ ಸರಿ, ಬರೀ ಶಾಸ್ತ್ರಕ್ಕೆ. ದರ್ಜಿ ಒಳ್ಳೆಯವನು, ಒಂದು ಸಲಾನೂ ಹಠ ಮಾಡ್ಲಿಲ್ಲ."

ಅಪ್ಪನ ಕೈ ಪೆನ್ನಿನತ್ತ ಹೋಯಿತು. ಅಷ್ಟರಲ್ಲಿ ಅಮ್ಮ ಡಬ್ಬಿಯಲ್ಲಿದ್ದ ಚಿಲ್ಲರೆಯನ್ನೆಲ್ಲ ಅವನ ಮುಂದೆ ಸುರಿದಳು.

"ತಗೊಳ್ಳಿ. ಶಾಸ್ತ್ರಕ್ಕೆ ತಾನೆ? ರುಜು ಬೇಡ."

"ರುಜು ಇಲ್ದೆ ಈ ದುಡ್ಡು ತಗೊಂಡು ಏನಮ್ಮಾ ಮಾಡ್ಲಿ?" ಅವನ ದನಿಯ ರಾಗ ಹೋಗಿತ್ತು.

ಅಪ್ಪ ತಲೆಯೆತ್ತಿದರು. ರಸೀದಿಯನ್ನೂ ಅವನ ಮುಖವನ್ನೂ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿ ಅವನ ಕೈಗೆ ಕೊಟ್ಟರು.

"ನೋಡಿ ಆಯ್ತಲ್ಲ. ಹೋಗ್ಬನ್ನಿ."

ಗುಮಾಸ್ತ ಹೊಸ್ತಿಲ ಬಳಿ ಕ್ಷಣ ನಿಂತು, "ಮಗಳು ದಿನಾ ಈ ದಾರೀಲೇ ಬರ್ತಾಳಲ್ವಾ ಅಣ್ಣಾ," ಎಂದು ಇಳಿದು ಹೋದ.

ಅಗುಳಿ ಹಾಕಿ ಮೂವರೂ ಒತ್ತಾಗಿ ಕುಳಿತರು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಗಿಳಿ ಎದ್ದು, "ಯಾರು?" ಎಂದಳು.

"ಗಿಳೀ, ನಾನು ಕಣೇ, ಪಕ್ಕದ ಮನೆ ಅತ್ತೆ. ಆ ಗುಮಾಸ್ತ ನಾಳೆ ನಮ್ಮನೆಗೆ ಬರ್ತಾನಂತೆ. ನಿಮ್ಮಮ್ಮ ಏನಂದ್ರು, ಸ್ವಲ್ಪ ಹೇಳ್ಕೊಡೇ."