ಅಕ್ಕನ ಬೆರಳು ಕಂಡ ಗಂಟು

ಒಂದರ ಮೇಲೊಂದು ಪೇರಿಸಿದ ಮೂರು ಹಾಸಿಗೆಗಳ ಮೇಲಿಂದ ದೊರೆ ಉರುಳಿ ಬಿದ್ದಾಗ ಸದ್ದೇ ಆಗಲಿಲ್ಲ. ನಮ್ಮ ಹಾಸಿಗೆ ಅಂಗಡಿಯಲ್ಲಿ ಯಾವುದಕ್ಕೂ ಅಷ್ಟಾಗಿ ಸದ್ದಿಲ್ಲ. ಹತ್ತಿ ಹಿಂಜುವ ಯಂತ್ರ ನಿಂತ ಮೇಲೂ ಎಳೆಗಳು ಬಿಸಿಲಿನಲ್ಲಿ ತೇಲುತ್ತಲೇ ಇರುತ್ತವೆ. ನೆಲ, ಗೋಡೆ, ನಮ್ಮ ಹುಬ್ಬು ಎಲ್ಲ ಬೆಳ್ಳಗೆ. ಹೊಸ ಹಾಸಿಗೆಯ ಮೇಲೆ ಗಿರಾಕಿಗಿಂತ ಮೊದಲು ತಾನು ಮಲಗುವ ನಾಯಿಯನ್ನು ದೊರೆ ಎನ್ನದೆ ಇನ್ನೇನೆಂದು ಕರೆಯುವುದು? ಆ ಮಧ್ಯಾಹ್ನ ಕನಸಿನಲ್ಲಿ ಕಾಲಾಡಿಸುತ್ತಾ ಓಡಿ ಓಡಿ ಅಂಚು ದಾಟಿಬಿಟ್ಟಿತ್ತು.

ಎದ್ದು ಎರಡು ಹೆಜ್ಜೆ ಕುಂಟಿತು. ಅಕ್ಕ ಹಾಸಿಗೆ ಹೊಲಿಯುತ್ತಿದ್ದ ದಬ್ಬಳ ಬಿಟ್ಟು ಬಂದು ಅದರ ಪಕ್ಕ ಕೂತಳು.

ನನಗೆ ಜೀವ ಬಾಯಿಗೆ ಬಂತು. ಬಿದ್ದದ್ದಕ್ಕಲ್ಲ. ಹೋದ ವರ್ಷ ಅಕ್ಕ ಕಣ್ಣಿನ ಆಪರೇಷನ್ ಮುಗಿಸಿ ಎರಡು ತಿಂಗಳು ಮಗಳ ಮನೆಯಲ್ಲಿದ್ದಳು. ಆಗ, ಹೊಲಿದಿಟ್ಟ ಹಾಸಿಗೆಯನ್ನು ಕೆಸರುಗಾಲಲ್ಲಿ ತುಳಿಯಿತೆಂದು ಇದನ್ನು ಒದ್ದಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಅಕ್ಕ ಬರುವಷ್ಟರಲ್ಲಿ ಕುಂಟುವುದು ನಿಂತಿತ್ತು, ಎಡ ಮುಂಗಾಲಿನ ಮೂಳೆಯ ಮೇಲೆ ಒಂದು ಗಂಟು ಉಳಿದಿತ್ತು. ಆ ಕಾಲನ್ನು ದೊರೆ ಯಾರ ಕೈಗೂ ಕೊಡುತ್ತಿರಲಿಲ್ಲ. ನಾನೂ ತುಟಿಪಿಟಕ್ಕೆನ್ನಲಿಲ್ಲ. ಅಕ್ಕನಿಗೆ ಈ ನಾಯಿ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಹಾಗೆ. ಗೊತ್ತಾದರೆ ನನ್ನ ಮುಖ ನೋಡುವಳೇ ಎಂಬ ಭಯ.

ಹಾಸಿಗೆಯಲ್ಲಿ ಹತ್ತಿ ಗಂಟು ಕಟ್ಟಿದೆಯೇ ಎಂದು ಅಕ್ಕ ನೋಡುವುದು ಕಾಲ್ದೆಸೆಯಿಂದ. ಕಣ್ಣು ಮುಚ್ಚಿ ಗೇಣು ಗೇಣು ಒತ್ತುತ್ತಾ ತಲೆದೆಸೆಗೆ ಬರುತ್ತಾಳೆ. ನಾಯಿಗೂ ಅದೇ ಕ್ರಮ. ಬಾಲ, ಹಿಂಗಾಲು, ಬೆರಳ ಸಂದು. ಬಲ ಹಿಂಗಾಲಿನ ಪಾದ ತುಸು ಉಳುಕಿದೆ, ಸಂಜೆಗೆ ಸರಿಹೋಗುತ್ತದೆ ಎಂದಳು. ಅಲ್ಲಿಗೇ ನಿಲ್ಲಬಾರದೇ? ಬೆರಳುಗಳು ಸೊಂಟ ದಾಟಿದವು, ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸುತ್ತಾ ಬಂದವು. ಹತ್ತಿಯ ಎಳೆಗಳು ಇಳಿಯಲೋ ಬೇಡವೋ ಎಂಬಂತೆ ಅವರಿಬ್ಬರ ಮೇಲೆ ಇಳಿಯುತ್ತಿದ್ದವು. ನಾನು ನೀರಿನೊಳಗಿಂದ ನೋಡುತ್ತಿರುವ ಹಾಗಿತ್ತು. ಕೈ ಎಡ ಮುಂಗಾಲಿಗೆ ಬಂತು. ಬಿದ್ದ ಸುಸ್ತಿಗೋ ಏನೋ, ದೊರೆ ಇವತ್ತು ಕಾಲು ಎಳೆದುಕೊಳ್ಳಲಿಲ್ಲ.

ಬೆರಳು ನಿಂತಿತು. "ಇದು ಇವತ್ತಿಂದಲ್ಲ," ಅಂದಳು.

ನೀನೂ ಮುಟ್ಟಿ ನೋಡು ಎಂದು ನನ್ನನ್ನು ಕರೆದಳು. ನಾನು ಕೈ ಚಾಚಿದೆ. ದೊರೆ ಕಿವಿ ಹಿಂದಕ್ಕೆ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ ನಡುಗತೊಡಗಿತು. ಅಕ್ಕ ಕಣ್ಣು ಬಿಟ್ಟು ಅದನ್ನು ನೋಡಿದಳು, ಆಮೇಲೆ ನನ್ನನ್ನು.

"ಒದ್ದಿದ್ದೆ ಅಕ್ಕ. ನೀನು ಊರಲ್ಲಿ ಇಲ್ದಾಗ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನನ್ನ ಕೈ ಹಿಡಿದು ಆ ಗಂಟಿನ ಮೇಲಿಟ್ಟಳು, ಮೆಲ್ಲಗೆ.

"ಅದು ನಿದ್ದೆ ಹೋಗೋವರೆಗೂ ಕೈ ತೆಗೀಬೇಡ."

ಅಷ್ಟು ಹೇಳಿ ಹೊಲಿಗೆಗೆ ಹೋಗಿ ಕೂತಳು. ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತು. ಗಿರಾಕಿಯೊಬ್ಬರು ಬಂದು ದಿಂಬು ಕೇಳಿ ಹೋದರು. ನನ್ನ ಕಾಲು ಜೋಮು ಹಿಡಿಯಿತು. ಅಂಗೈಯಡಿ ಆ ನಡುಕ ಸಣ್ಣಗೆ ಬರುತ್ತಲೇ ಇತ್ತು, ದೊರೆ ಕಣ್ಣು ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು.